ಆ ಒಂದು ಸೆಕೆಂಡು ಎಲ್ಲಿ ಹೋಯಿತು? ಲ್ಯೂಜ್ ಎಂಬ ವೃತ್ತಿಯ ಲೆಕ್ಕಾಚಾರ

50.578, 48.710, 48.900. 2018ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಶಿವ ಕೇಶವನ್ ಇಳಿದ ಮೂರು ರನ್‌ಗಳ ಸಮಯ ಇದು, ಸೆಕೆಂಡುಗಳಲ್ಲಿ. ಲ್ಯೂಜ್ ಎಂದರೆ ಪುಟ್ಟ ಸ್ಲೆಡ್ (ಜಾರುಬಂಡಿ) ಮೇಲೆ ಅಂಗಾತ ಮಲಗಿ ಮಂಜುಗಡ್ಡೆಯ ಟ್ರ್ಯಾಕಿನಲ್ಲಿ ಜಾರುವ ಆಟ; ಮೇಲಿನಿಂದ ಕೆಳಗಿನವರೆಗಿನ ಒಂದು ಇಳಿತವೇ ಒಂದು ರನ್. ಒಟ್ಟು 2 ನಿಮಿಷ 28.188 ಸೆಕೆಂಡು, 34ನೇ ಸ್ಥಾನ. ನಾಲ್ಕನೇ ರನ್ ಮೊದಲ 20 ಜನರಿಗೆ ಮಾತ್ರ. ಹಾಗಾಗಿ 16ನೇ ವಯಸ್ಸಿನಲ್ಲಿ ಶುರುವಾಗಿ ಆರು ಒಲಿಂಪಿಕ್ಸ್ ಕಂಡ ವೃತ್ತಿಯೊಂದು ಅಲ್ಲಿಗೆ ನಿಂತಿತು. ಚಿನ್ನ ಗೆದ್ದ ಆಸ್ಟ್ರಿಯಾದ ಡೇವಿಡ್ ಗ್ಲೈರ್ಷರ್ ನಾಲ್ಕು ರನ್‌ಗಳಿಗೆ ತೆಗೆದುಕೊಂಡದ್ದು 3 ನಿಮಿಷ 10.702 ಸೆಕೆಂಡು, ಅಂದರೆ ರನ್ನಿಗೆ ಸರಾಸರಿ 47.68.

ಕೇಶವನ್ ಅವರ ಮೊದಲ ರನ್ ಕೆಟ್ಟಿತ್ತು, ಅದನ್ನು ಬಿಡೋಣ. ಉಳಿದೆರಡು ನೆಟ್ಟಗಿನ ರನ್‌ಗಳನ್ನೇ ಇಟ್ಟುಕೊಂಡರೂ ವ್ಯತ್ಯಾಸ ಒಂದು ಸೆಕೆಂಡಿನ ಆಚೀಚೆ. ಕೇಳಲು ಅಲ್ಪ ಅನ್ನಿಸುತ್ತದೆ. ಆದರೆ ಗಂಟೆಗೆ 120 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡು ಅಂದರೆ 33 ಮೀಟರ್. 1998ರ ನಗಾನೊದಲ್ಲಿ ಮಹಿಳೆಯರ ಚಿನ್ನಕ್ಕೂ ಬೆಳ್ಳಿಗೂ ನಡುವೆ, ನಾಲ್ಕು ರನ್ ಕೂಡಿಸಿದ ಮೇಲೂ, ಇದ್ದದ್ದು 0.002 ಸೆಕೆಂಡು. ಜರ್ಮನಿಯ ಸಿಲ್ಕೆ ಕ್ರೌಶಾರ್ ಗೆದ್ದರು, ಅದೇ ದೇಶದ ಬಾರ್ಬರಾ ನೀಡರ್ನ್‌ಹೂಬರ್ ಸೋತರು. ಲ್ಯೂಜ್‌ನಲ್ಲಿ ಸಮಯವನ್ನು ಸಾವಿರದ ಒಂದು ಭಾಗದವರೆಗೆ ಅಳೆಯುವುದು ಸುಮ್ಮನೆ ಅಲ್ಲ.

ಹಾಗಾದರೆ ಕೇಶವನ್ ಅವರ ಆ ಒಂದು ಸೆಕೆಂಡು ಎಲ್ಲಿ ಸೋರಿಹೋಯಿತು? ‘ಧೈರ್ಯ ಸಾಲದು’ ಎಂಬುದು ಉತ್ತರವಲ್ಲ. ಹಿಮಾಲಯದ ಡಾಂಬರು ರಸ್ತೆಯಲ್ಲಿ, ಲಾರಿಗಳ ಪಕ್ಕದಲ್ಲಿ, ಚಕ್ರ ಕಟ್ಟಿದ ಸ್ಲೆಡ್ ಮೇಲೆ ಅಂಗಾತ ಮಲಗಿ ಜಾರಿದವರು ಅವರು. ಉತ್ತರ ಬೇರೆಡೆ ಇದೆ. ಅದನ್ನು ಹುಡುಕುತ್ತಾ ಹೋದರೆ ಲ್ಯೂಜ್ ವೃತ್ತಿ ಹೇಗೆ ಕಟ್ಟಲ್ಪಡುತ್ತದೆ ಎಂಬುದೂ, ನಮ್ಮಲ್ಲಿ ಎರಡನೇ ಕೇಶವನ್ ಯಾಕೆ ಬರಲಿಲ್ಲ ಎಂಬುದೂ ಒಟ್ಟಿಗೇ ಸಿಗುತ್ತವೆ.

ಮೊದಲ ಸೋರಿಕೆ ಆರಂಭದಲ್ಲಿ. ಲ್ಯೂಜ್ ಸ್ಪರ್ಧಿ ಬಾಬ್‌ಸ್ಲೆಡ್‌ನವರಂತೆ ಓಡಿಬಂದು ಹತ್ತುವುದಿಲ್ಲ. ಸ್ಲೆಡ್ ಮೇಲೆ ಕುಳಿತು, ಎರಡು ಬದಿಯ ಹಿಡಿಕೆ ಹಿಡಿದು, ಹಿಂದೆ ಮುಂದೆ ತೂಗಿ, ಒಂದೇ ಸೆಳೆತಕ್ಕೆ ಮೈಯನ್ನು ಮುಂದಕ್ಕೆ ಎಸೆಯಬೇಕು. ಆಮೇಲೆ ಕೈಗವಸಿನ ಬೆರಳ ತುದಿಗಳಲ್ಲಿರುವ ಪುಟ್ಟ ಮೊಳೆಗಳಿಂದ ಮಂಜುಗಡ್ಡೆಯನ್ನು ಮೂರು-ನಾಲ್ಕು ಸಲ ಗೀರಿ ವೇಗ ಹೆಚ್ಚಿಸಿಕೊಂಡು ಮಲಗಬೇಕು. ಇಡೀ ರನ್ನಿನಲ್ಲಿ ಸ್ಪರ್ಧಿ ತನ್ನ ತೋಳ್ಬಲದಿಂದ ವೇಗ ಕೂಡಿಸುವುದು ಇಲ್ಲಿ ಮಾತ್ರ. ಮುಂದಿನದೆಲ್ಲ ಗುರುತ್ವದ ಕೆಲಸ. ಸ್ಪರ್ಧಿ ಮಾಡುವುದು ಇದ್ದ ವೇಗವನ್ನು ಪೋಲು ಮಾಡದೆ ಉಳಿಸಿಕೊಳ್ಳುವುದು. ಆರಂಭದಲ್ಲಿ ಕಳೆದುಕೊಂಡ ನೂರನೇ ಒಂದು ಭಾಗ ಕೆಳಗೆ ಬರುವಷ್ಟರಲ್ಲಿ ಬಡ್ಡಿ ಸಮೇತ ಬೆಳೆದಿರುತ್ತದೆ, ಏಕೆಂದರೆ ಮೇಲಿನಿಂದಲೇ ನಿಧಾನವಾಗಿ ಹೊರಟ ಸ್ಲೆಡ್ ಪ್ರತಿ ತಿರುವಿಗೂ ನಿಧಾನವಾಗಿಯೇ ಬರುತ್ತದೆ.

ತಪ್ಪಾಗುವ ಬಗೆಗಳು ಹಲವು. ಎಡ-ಬಲ ಕೈಗಳ ಸೆಳೆತ ಸಮನಾಗಿರದಿದ್ದರೆ ಸ್ಲೆಡ್ ಸೊಟ್ಟಗೆ ಹೊರಟು ಪಕ್ಕದ ಗೋಡೆ ಸವರುತ್ತದೆ. ಇನ್ನೊಂದು ಸಲ ಗೀರುವ ಆಸೆಗೆ ಬಿದ್ದರೆ ಮಲಗುವುದು ತಡವಾಗಿ, ಎದ್ದ ಮೈಗೆ ಗಾಳಿ ಬಡಿಯುತ್ತದೆ. ಅವಸರದಲ್ಲಿ ಮಲಗಿ ಬೆನ್ನು ಸರಿಯಾಗಿ ಕೂರದಿದ್ದರೆ ಮೊದಲ ಎರಡು ತಿರುವು ಅದನ್ನು ಸರಿಮಾಡಿಕೊಳ್ಳುವುದರಲ್ಲೇ ಹೋಗುತ್ತದೆ. ಇದನ್ನು ತಿದ್ದಲು ಪೂರ್ತಿ ಟ್ರ್ಯಾಕ್ ಬೇಕಿಲ್ಲ, ಹಿಮ ಹೆಪ್ಪುಗಟ್ಟಿಸಿದ ಒಳಾಂಗಣ ಇಳಿಜಾರು ಸಾಕು. ಅಮೆರಿಕದ ಲೇಕ್ ಪ್ಲಾಸಿಡ್‌ನಂಥ ಕಡೆ ಅದಿದೆ. ಅಲ್ಲಿನವರು ಬೇಸಿಗೆಯಲ್ಲೂ ದಿನಕ್ಕೆ ಹತ್ತಾರು ಸಲ ಇದೊಂದನ್ನೇ ಉಜ್ಜುತ್ತಾರೆ.

ಎರಡನೆಯದು ಸ್ಲೆಡ್. ಹೊರಗಿನಿಂದ ನೋಡಿದರೆ ಮಕ್ಕಳ ಜಾರುಬಂಡಿಯ ಆಟಿಕೆಯಂತಿದೆ. ಬಿಚ್ಚಿ ನೋಡಿದರೆ ನಾಲ್ಕು ಮುಖ್ಯ ಭಾಗ. ಬೆನ್ನಿಗೆ ಒಗ್ಗುವಂತೆ ಅಚ್ಚು ತೆಗೆದ ಆಸನ. ಅದರ ಕೆಳಗೆ ಅಡ್ಡಕ್ಕೆ ಎರಡು ಲೋಹದ ಸೇತುವೆ. ಉದ್ದಕ್ಕೆ, ಮುಂದೆ ಮೇಲಕ್ಕೆ ಬಾಗಿದ ಎರಡು ಕುಫೆನ್. ಜರ್ಮನ್ ಹೆಸರು, ಎಲ್ಲ ದೇಶದವರೂ ಅದನ್ನೇ ಬಳಸುತ್ತಾರೆ. ಕುಫೆನ್‌ಗಳ ಅಡಿಯಲ್ಲಿ ಎರಡು ಸ್ಟೀಲ್ ಪಟ್ಟಿ, ಮಂಜುಗಡ್ಡೆಗೆ ತಾಗುವುದು ಅವು ಮಾತ್ರ. ಸಿಂಗಲ್ಸ್ ಸ್ಲೆಡ್ಡಿನ ತೂಕ ಇಪ್ಪತ್ತು ಕೆ.ಜಿ.ಗಿಂತ ತುಸು ಹೆಚ್ಚು. ಬ್ರೇಕ್ ಇಲ್ಲ. ಗೆರೆ ದಾಟಿದ ಮೇಲೆ ಎದ್ದು ಕುಳಿತು, ಕಾಲೂರಿ, ಸ್ಲೆಡ್ಡಿನ ಮೂತಿಯನ್ನು ಕೈಯಿಂದ ಎತ್ತಿ ಹಿಡಿದರೇ ನಿಲ್ಲುವುದು.

ಸ್ಟೀಲ್ ಪಟ್ಟಿ ಚಾಕುವಿನಂತೆ ಚೂಪಾಗಿರುತ್ತದೆ ಎಂದುಕೊಂಡವರೇ ಹೆಚ್ಚು. ಹಾಗಿಲ್ಲ. ಅದರ ಒಳ ಅಂಚು ಮಂಜುಗಡ್ಡೆಯ ಮೇಲೆ ಕೂರುತ್ತದೆ, ಆ ಅಂಚನ್ನು ಎಷ್ಟು ಉರುಟು ಮಾಡಬೇಕು ಎಂಬುದೇ ಪ್ರತಿದಿನದ ತಲೆನೋವು. ಚಳಿ ಹೆಚ್ಚಿ ಮಂಜುಗಡ್ಡೆ ಗಟ್ಟಿಯಾದ ದಿನ ಅಂಚು ಚೂಪು ಬೇಕು, ಇಲ್ಲದಿದ್ದರೆ ಹಿಡಿತ ತಪ್ಪಿ ಸ್ಲೆಡ್ ಅಡ್ಡ ಜಾರುತ್ತದೆ. ಮೆತ್ತಗಿದ್ದ ದಿನ ಚೂಪು ಅಂಚು ಒಳಕ್ಕೆ ಕಚ್ಚಿಕೊಂಡು ವೇಗ ತಿನ್ನುತ್ತದೆ. ಪಟ್ಟಿಯ ಉದ್ದದ ಬಾಗೂ ಹಾಗೆಯೇ: ಬಾಗು ಹೆಚ್ಚಿದಷ್ಟು ಮಂಜುಗಡ್ಡೆಗೆ ತಾಗುವ ಜಾಗ ಕಡಿಮೆ, ಸ್ಲೆಡ್ ಹಗುರವಾಗಿ ತಿರುಗುತ್ತದೆ, ಆದರೆ ನೇರದಾರಿಯಲ್ಲಿ ಹಾವಿನಂತೆ ಹೊಯ್ದಾಡುತ್ತದೆ. ಇಂದು ಸಂಜೆಯ ರನ್ನಿಗೆ ಯಾವ ಅಂಚು, ಯಾವ ಬಾಗು ಎಂದು ಮಧ್ಯಾಹ್ನವೇ ತೀರ್ಮಾನಿಸಬೇಕು, ಮರಳು ಕಾಗದದಿಂದ ಹಿಡಿದು ನುಣುಪು ಪೇಸ್ಟಿನವರೆಗೆ ಕೈಯಲ್ಲೇ ಉಜ್ಜಬೇಕು. ಜರ್ಮನಿಯ ಗೆಯೋರ್ಗ್ ಹಾಕ್ಲ್ 1988ರಿಂದ 2002ರವರೆಗೆ ಐದು ಒಲಿಂಪಿಕ್ಸ್‌ನಲ್ಲಿ ಬಿಡದೆ ಸಿಂಗಲ್ಸ್ ಪದಕ ಗೆದ್ದದ್ದರ ಹಿಂದೆ ಅವರ ಲೋಹ ಕೆಲಸದ ಕೈಚಳಕಕ್ಕೂ ದೊಡ್ಡ ಪಾಲಿದೆ.

ಸ್ಟೀಲ್ ಬಿಸಿ ಮಾಡಿದರೆ? ವೇಗ ಬರುತ್ತದೆ, ಅನರ್ಹತೆಯೂ ಬರುತ್ತದೆ. 1968ರ ಗ್ರೆನೊಬ್ಲ್ ಕೂಟದಲ್ಲಿ ಪೂರ್ವ ಜರ್ಮನಿಯ ಮೂವರು ಮಹಿಳೆಯರನ್ನು ಇದೇ ಕಾರಣಕ್ಕೆ ಹೊರಗಟ್ಟಿದ್ದರು. ಈಗ ಪ್ರತಿ ಆರಂಭಕ್ಕೂ ಮುನ್ನ, ನೆರಳಲ್ಲಿ ತೂಗುಹಾಕಿದ ಮಾದರಿ ಸ್ಟೀಲಿನ ಜೊತೆ ಹೋಲಿಸಿ ಸ್ಲೆಡ್ಡಿನ ಸ್ಟೀಲಿನ ಉಷ್ಣಾಂಶ ಅಳೆಯುತ್ತಾರೆ. ದೇಹತೂಕಕ್ಕೂ ಲೆಕ್ಕವಿದೆ: ಭಾರವಾದ ಮೈಗೆ ಇಳಿಜಾರು ಹೆಚ್ಚು ಒಲಿಯುವುದರಿಂದ, 90 ಕೆ.ಜಿ.ಗಿಂತ ಕಡಿಮೆ ಇರುವ ಗಂಡಸರು ಆ ಕೊರತೆಯ ಒಂದು ಭಾಗವನ್ನು ತೂಕದ ಜಾಕೆಟ್ ತೊಟ್ಟು ತುಂಬಿಕೊಳ್ಳಬಹುದು, ಅದೂ 13 ಕೆ.ಜಿ. ಮೀರುವಂತಿಲ್ಲ.

ಒಂದೇ ಸ್ಲೆಡ್ ಇಟ್ಟುಕೊಂಡು ಊರೂರು ಅಲೆಯುವವನಿಗೆ ಈ ಪ್ರಯೋಗಗಳು ಗಗನಕುಸುಮ. ಎರಡು ಜೋಡಿ ಸ್ಟೀಲ್ ಹೋಲಿಸಬೇಕಾದರೆ ಒಂದೇ ದಿನ, ಒಂದೇ ಟ್ರ್ಯಾಕಿನಲ್ಲಿ, ಒಂದರ ಹಿಂದೊಂದು ರನ್ ಬೇಕು. ತಂಡದಲ್ಲಿ ನಾಲ್ಕು ಜನರಿದ್ದರೆ ನಾಲ್ವರೂ ಬೇರೆ ಬೇರೆ ಸ್ಟೀಲ್ ಕಟ್ಟಿ ಇಳಿದು ಸಂಜೆ ಕೂತು ಲೆಕ್ಕ ಹಾಕುತ್ತಾರೆ. ಒಬ್ಬನೇ ಇರುವ ದೇಶಕ್ಕೆ ಆ ಸಂಜೆಯ ಮಾತುಕತೆಯೇ ಇಲ್ಲ.

ಮೂರನೆಯದು ದಾರಿ. ಹೆಚ್ಚು ಸೋರಿಕೆ ಇಲ್ಲೇ. ಸ್ಪರ್ಧಿ ಕಾಲು ಮುಂದೆ ಮಾಡಿ ಅಂಗಾತ ಮಲಗಿರುತ್ತಾನೆ. ತಲೆ ಎತ್ತಿ ನೋಡಿದರೆ ಗಾಳಿ ತಡೆಯುತ್ತದೆ. ಎತ್ತದಿದ್ದರೆ ದಾರಿಯೇ ಕಾಣದು. ಆದ್ದರಿಂದ ಟ್ರ್ಯಾಕನ್ನು ನೋಡುವುದಕ್ಕಿಂತ ನೆನಪಿಟ್ಟುಕೊಳ್ಳುವುದೇ ಹೆಚ್ಚು. ಎಡಕ್ಕೆ ಹೋಗಬೇಕಾದರೆ ಬಲಗಾಲಿನ ಮೀನಖಂಡದಿಂದ ಬಲ ಕುಫೆನ್ ಒಳಕ್ಕೆ ಒತ್ತಬೇಕು, ಎಡ ಭುಜವನ್ನು ಆಸನಕ್ಕೆ ಅದುಮಬೇಕು. ಬಲಕ್ಕಾದರೆ ಇದರ ತಿರುಗುಮುರುಗು. ಹೊರಗಿನವರ ಕಣ್ಣಿಗೆ ಸ್ಪರ್ಧಿ ಸುಮ್ಮನೆ ಮಲಗಿದಂತೆಯೇ ಕಾಣುತ್ತದೆ, ಕಾಣಬೇಕು ಕೂಡ. ಒತ್ತಡ ಕಣ್ಣಿಗೆ ಕಂಡಿತೆಂದರೆ ಅದು ಅತಿಯಾಯಿತೆಂದೇ ಅರ್ಥ: ಸ್ಲೆಡ್ ಅಡ್ಡ ಜಾರಿ, ಮಂಜುಗಡ್ಡೆ ಕೆರೆದು, ವೇಗ ಕಳೆದುಕೊಂಡಿರುತ್ತದೆ.

ದೊಡ್ಡ ತಿರುವಿನಲ್ಲಿ ಸ್ಲೆಡ್ ಗೋಡೆ ಹತ್ತುತ್ತದೆ, ಇಳಿಯುತ್ತದೆ, ತಿರುವು ಉದ್ದವಿದ್ದರೆ ಮತ್ತೆ ಹತ್ತುತ್ತದೆ. ಈ ಅಲೆಯ ಎತ್ತರವನ್ನು ಸರಿಯಾದ ಕ್ಷಣದಲ್ಲಿ ಒತ್ತಿ ಹಿಡಿದರೆ ನಿರ್ಗಮನ ನೇರವಾಗಿರುತ್ತದೆ. ಬೇಗ ಒತ್ತಿದರೆ ಸ್ಲೆಡ್ ಮೊದಲೇ ಕೆಳಗಿಳಿದು ಇನ್ನೊಮ್ಮೆ ಮೇಲೇಳುತ್ತದೆ, ತಡವಾದರೆ ಮೇಲಿನಿಂದಲೇ ಎದುರು ಗೋಡೆಗೆ ಎಸೆಯಲ್ಪಡುತ್ತದೆ. ಸಣ್ಣ ತಿರುವುಗಳೂ ಕಡಿಮೆ ಕಿತಾಪತಿಯವಲ್ಲ. ಪ್ಯೊಂಗ್‌ಚಾಂಗ್‌ನ ಒಂಬತ್ತನೇ ತಿರುವು ನೋಡಲು ತಿರುವೇ ಅಲ್ಲ ಅನ್ನಿಸುವಂಥದ್ದು. ಮೂರು ರನ್ ಮುಗಿದಾಗ ಮುಂದಿದ್ದ, 2010 ಮತ್ತು 2014ರ ಚಾಂಪಿಯನ್ ಫೆಲಿಕ್ಸ್ ಲಾಖ್ ಕೊನೆಯ ರನ್ನಿನಲ್ಲಿ ಅಲ್ಲೇ ಎಡವಿ ಐದನೇ ಸ್ಥಾನಕ್ಕೆ ಕುಸಿದರು. ಗ್ಲೈರ್ಷರ್‌ಗೆ ಚಿನ್ನ ಸಿಕ್ಕಿದ್ದು ಹಾಗೆ. ಲಾಖ್‌ರಂಥವರಿಗೇ ಹೀಗಾದರೆ, ಆ ಟ್ರ್ಯಾಕಿನಲ್ಲಿ ಬೆರಳೆಣಿಕೆಯ ದಿನ ಕಳೆದವರ ಪಾಡೇನು?

ಇಲ್ಲಿಗೆ ಮೂರೂ ಸೋರಿಕೆಗಳ ಮೂಲ ಒಂದೇ ಎಂಬುದು ಗೊತ್ತಾಗುತ್ತದೆ. ಕ್ರಿಕೆಟ್ಟಿನ ರನ್ನಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಇಲ್ಲೂ ಎಲ್ಲ ಇತ್ಯರ್ಥವಾಗುವುದು ರನ್ನುಗಳ ಎಣಿಕೆಯಲ್ಲೇ. ಒಂದು ಅಂದಾಜು ಹಾಕೋಣ. ಒಂದು ರನ್ 50 ಸೆಕೆಂಡು. ಋತುವಿಗೆ 600 ರನ್ ಸಿಕ್ಕಿತೆಂದು ಇಟ್ಟುಕೊಂಡರೂ ಮಂಜುಗಡ್ಡೆಯ ಮೇಲೆ ಕಳೆದ ಹೊತ್ತು ಎಂಟು ಗಂಟೆ ಇಪ್ಪತ್ತು ನಿಮಿಷ. ಇಡೀ ವರ್ಷಕ್ಕೆ! ಬೆಂಗಳೂರಿನ ಶಟ್ಲ್ ಆಟಗಾರ ಇಷ್ಟು ಹೊತ್ತನ್ನು ಒಂದೇ ವಾರದಲ್ಲಿ ಅಂಕಣದ ಮೇಲೆ ಕಳೆಯುತ್ತಾನೆ. ದಿನಕ್ಕೆ ಹೆಚ್ಚು ಇಳಿಯೋಣವೆಂದರೆ ಮೈ ಬಿಡದು. ತಿರುವಿನಲ್ಲಿ ದೇಹದ ಮೇಲೆ ಬೀಳುವ ಒತ್ತಡ ತೂಕದ ಐದು ಪಟ್ಟು ಮುಟ್ಟುತ್ತದೆ, ಹೆಲ್ಮೆಟ್ ಹೊತ್ತ ಕತ್ತು ಅದನ್ನು ತಡೆಯಬೇಕು. ಆಯಾಸಗೊಂಡ ಕತ್ತು ತಲೆಯನ್ನು ಮಂಜುಗಡ್ಡೆಗೆ ಬಡಿಸುತ್ತದೆ. ಟ್ರ್ಯಾಕೂ ಬಿಡದು, ಅದೇ ಮಂಜುಗಡ್ಡೆಗಾಗಿ ಬಾಬ್‌ಸ್ಲೆಡ್‌ನವರೂ, ತಲೆ ಮುಂದೆ ಮಾಡಿ ಬೋರಲು ಮಲಗಿ ಜಾರುವ ಸ್ಕೆಲಿಟನ್‌ನವರೂ ಕಾಯುತ್ತಿರುತ್ತಾರೆ.

ಆದ್ದರಿಂದ ಲ್ಯೂಜ್ ವೃತ್ತಿ ಎಂದರೆ ವರ್ಷಕ್ಕೆ ಕೆಲವೇ ಗಂಟೆಗಳನ್ನು ಇಪ್ಪತ್ತು ವರ್ಷ ಕೂಡಿಡುವ ಕೆಲಸ. ಟ್ರ್ಯಾಕಿರುವ ಊರಿನ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿರುವಾಗಲೇ ಕೊನೆಯ ಕೆಲವು ತಿರುವುಗಳಿಂದ ಶುರುಮಾಡಿ, ವರ್ಷ ವರ್ಷ ಆರಂಭದ ಜಾಗವನ್ನು ಮೇಲಕ್ಕೇರಿಸುತ್ತಾ ಹೋಗುತ್ತಾರೆ. ಇಟಲಿಯ ಆರ್ಮಿನ್ ಝೋಗೆಲರ್ 1994ರಿಂದ 2014ರವರೆಗೆ ಸತತ ಆರು ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದರು, ಕೊನೆಯದು 40ನೇ ವಯಸ್ಸಿನಲ್ಲಿ. ಅವರು ಇಟಲಿಯ ಸಶಸ್ತ್ರ ಪೊಲೀಸ್ ಪಡೆಯಾದ ಕರಬಿನಿಯೇರಿಯ ನೌಕರ. ಹಾಕ್ಲ್ ಜರ್ಮನ್ ಸೇನೆಯಲ್ಲಿದ್ದರು, ಲಾಖ್ ಫೆಡರಲ್ ಪೊಲೀಸ್‌ನಲ್ಲಿ. ಸಂಬಳ ಸರ್ಕಾರದ್ದು, ತರಬೇತಿಗೆ ರಜೆ ಬೇಡವೇ ಬೇಡ, ನಿವೃತ್ತಿಯಾದ ಮೇಲೂ ಕೆಲಸ ಉಂಟು. ನಮ್ಮ ರೈಲ್ವೆ, ಸರ್ವಿಸಸ್ ಕ್ರೀಡಾಪಟುಗಳ ವ್ಯವಸ್ಥೆಯನ್ನೇ ನೆನಪಿಸಿಕೊಳ್ಳಿ. ಲ್ಯೂಜ್‌ನಲ್ಲಿ ಪ್ರಾಯೋಜಕರ ದುಡ್ಡು ನಂಬಿ ಇಪ್ಪತ್ತು ವರ್ಷ ನಿಲ್ಲುವುದು ಕಷ್ಟ. ನಾಲ್ಕು ವರ್ಷಕ್ಕೊಮ್ಮೆ ಟಿವಿಯಲ್ಲಿ ಕಾಣುವ ಆಟಕ್ಕೆ ಯಾರು ಕೊಡುತ್ತಾರೆ? ಕೊಟ್ಟರೆ ಹೇಗೆ ಕೊಡುತ್ತಾರೆ ಎಂಬುದಕ್ಕೂ ಉದಾಹರಣೆಯಿದೆ. ಟೊಂಗಾ ದ್ವೀಪದ ಫುವಾಹೆಯಾ ಸೆಮಿ ಎಂಬ ಯುವಕ ಜರ್ಮನಿಯ ಒಳ ಉಡುಪು ಕಂಪನಿಯ ಹೆಸರನ್ನೇ ತನ್ನ ಹೆಸರಾಗಿಸಿಕೊಂಡು, ಬ್ರೂನೋ ಬನಾನಿ ಆಗಿ 2014ರ ಸೋಚಿಯಲ್ಲಿ ಇಳಿದು 32ನೆಯವರಾದರು. ನಗು ಬರುತ್ತದೆ, ಆದರೆ ಆ ಹೆಸರಿನ ಬೆಲೆಗೆ ಅವರಿಗೆ ಜರ್ಮನಿಯ ಟ್ರ್ಯಾಕ್‌ಗಳಲ್ಲಿ ರನ್ ಸಿಕ್ಕವು. ಅದೇ ಸ್ಪರ್ಧೆಯಲ್ಲಿ ಕೇಶವನ್ 37ನೆಯವರು.

ಕೇಶವನ್ ಈ ಲೆಕ್ಕದಲ್ಲಿ ಎಲ್ಲಿ ಬರುತ್ತಾರೆ? ಹುಟ್ಟಿದ್ದು 1981ರಲ್ಲಿ, ಬೆಳೆದದ್ದು ಮನಾಲಿ ಬಳಿಯ ವಶಿಷ್ಠದಲ್ಲಿ; ತಂದೆ ಕೇರಳದವರು, ತಾಯಿ ಇಟಲಿಯವರು. ಲ್ಯೂಜ್ ಪರಿಚಯವಾದದ್ದು ಹದಿಹರೆಯದಲ್ಲಿ, 1996ರಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಪಂಚಕುಲದಲ್ಲಿ ನಡೆಸಿದ ಪ್ರತಿಭಾ ಶಿಬಿರದಲ್ಲಿ, ಅದೂ ಚಕ್ರದ ಸ್ಲೆಡ್ ಮೇಲೆ. ಎರಡೇ ವರ್ಷಕ್ಕೆ ನಗಾನೊ ಒಲಿಂಪಿಕ್ಸ್, 28ನೇ ಸ್ಥಾನ. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ 33, 2006ರ ಟ್ಯೂರಿನ್‌ನಲ್ಲಿ 25, ವ್ಯಾಂಕೂವರ್‌ನಲ್ಲಿ 29. ಇಟಲಿಯ ಪರ ಸ್ಪರ್ಧಿಸುವ ಆಹ್ವಾನ ಬಂದಿತ್ತು. ಒಪ್ಪಿದ್ದರೆ ಸೌಲಭ್ಯವೆಲ್ಲ ಕೈಗೆ ಬರುತ್ತಿತ್ತು, ಒಪ್ಪಲಿಲ್ಲ. ಸ್ಲೆಡ್ಡಿಗೂ ಪ್ರಯಾಣಕ್ಕೂ ದೇಣಿಗೆ ಎತ್ತಬೇಕಾಯಿತು. ಸೋಚಿಯ ಹೊತ್ತಿಗೆ ಭಾರತೀಯ ಒಲಿಂಪಿಕ್ ಸಂಸ್ಥೆಯೇ ಅಮಾನತಿನಲ್ಲಿತ್ತು. 2014ರ ಫೆಬ್ರುವರಿ 8 ಮತ್ತು 9ರಂದು ಅವರು ಒಲಿಂಪಿಕ್ ಧ್ವಜದಡಿ ಸ್ಪರ್ಧಿಸಿದರು. ಅಮಾನತು ತೆರವಾದದ್ದು 11ರಂದು. ಎರಡು ದಿನ!

ಆ ಸೋಚಿಯ ಅಭ್ಯಾಸದಲ್ಲೇ ಅವರು ಸ್ಲೆಡ್ಡಿನಿಂದ ಬಿದ್ದು, ಜಾರುತ್ತಲೇ ಮತ್ತೆ ಅದರ ಮೇಲೇರಿ ರನ್ ಮುಗಿಸಿದ್ದು. ವಿಡಿಯೊ ಜಗತ್ತೆಲ್ಲ ಸುತ್ತಿತು. ಮೆಚ್ಚುವಂಥದ್ದೇ. ಆದರೆ ಬಲ್ಲವರು ಅದರಲ್ಲಿ ಇನ್ನೊಂದನ್ನೂ ನೋಡುತ್ತಾರೆ: ತಿರುವಿನ ಅಲೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಪಾಠ ಸಿಗದು.

ಡಾಂಬರು ರಸ್ತೆಯ ಅಭ್ಯಾಸದ ಬಗ್ಗೆಯೂ ನಮ್ಮಲ್ಲಿ ಅತಿ ಭಾವುಕತೆ ಇದೆ. ಚಕ್ರದ ಸ್ಲೆಡ್ ಕಲಿಸುವುದು ಮಲಗುವ ಭಂಗಿ, ತಲೆ ಎತ್ತದೆ ದಾರಿ ಓದುವುದು, ಭುಜ ಮತ್ತು ಕಾಲಿನ ಹೊಂದಾಣಿಕೆ, ಎದೆಗಾರಿಕೆ. ಅದು ಕಲಿಸದಿರುವುದು ಸ್ಟೀಲ್ ಅಂಚಿನ ಕಚ್ಚುವಿಕೆ, ಗೋಡೆ ಹತ್ತಿ ಇಳಿಯುವ ಅಲೆ, ಐದು ಪಟ್ಟು ತೂಕದಡಿ ಕಾಲನ್ನು ಹದವಾಗಿ ಒತ್ತುವುದು. ಮೇಲೆ ಹೇಳಿದ ಒಂದು ಸೆಕೆಂಡಿನ ಬಹುಪಾಲು ಇರುವುದು ಈ ಎರಡನೇ ಪಟ್ಟಿಯಲ್ಲಿ. ಪರಿಚಿತ ಟ್ರ್ಯಾಕ್ ಸಿಕ್ಕಾಗ ಏನಾಗುತ್ತದೆ ಎಂಬುದನ್ನೂ ಅವರೇ ತೋರಿಸಿದ್ದಾರೆ: 2011ರ ಏಷ್ಯಾ ಕಪ್‌ನಲ್ಲಿ, ತಾವು ಮೊದಲ ಒಲಿಂಪಿಕ್ಸ್ ಆಡಿದ ಅದೇ ನಗಾನೊ ಟ್ರ್ಯಾಕಿನಲ್ಲಿ, 49.590 ಸೆಕೆಂಡಿನ ಏಷ್ಯಾ ದಾಖಲೆಯೊಂದಿಗೆ ಚಿನ್ನ ಗೆದ್ದರು.

ರನ್ ಕೊರತೆಗೆ ತೆರುವ ಬೆಲೆ ಕೆಲವೊಮ್ಮೆ ಸ್ಥಾನ ಮಾತ್ರ ಆಗಿರುವುದಿಲ್ಲ. 2010ರ ಫೆಬ್ರುವರಿ 12ರಂದು, ವ್ಯಾಂಕೂವರ್ ಕೂಟ ಉದ್ಘಾಟನೆಯಾಗುವ ದಿನವೇ, ಜಾರ್ಜಿಯಾ ದೇಶದ 21 ವರ್ಷದ ನೋಡಾರ್ ಕುಮಾರಿಟಾಶ್ವಿಲಿ ವಿಸ್ಲರ್ ಟ್ರ್ಯಾಕಿನ ಹದಿನಾರನೇ ತಿರುವಿನಿಂದ ಹೊರಬರುವಾಗ ಗೋಡೆ ದಾಟಿ ಎಸೆಯಲ್ಪಟ್ಟು ಉಕ್ಕಿನ ಕಂಬಕ್ಕೆ ಬಡಿದು ಸತ್ತರು. ವೇಗ ಗಂಟೆಗೆ 140 ಕಿ.ಮೀ. ದಾಟಿತ್ತು. ಆತಿಥೇಯ ಕೆನಡಾದವರಿಗೆ ಆ ಟ್ರ್ಯಾಕಿನಲ್ಲಿ ಸಿಕ್ಕ ರನ್‌ಗಳಿಗೂ ಹೊರಗಿನವರಿಗೆ ಸಿಕ್ಕವುಗಳಿಗೂ ಅಜಗಜಾಂತರವಿತ್ತು ಎಂಬ ದೂರು ಮೊದಲೇ ಇತ್ತು. ಸಾವಿನ ನಂತರ ಗಂಡಸರ ಆರಂಭವನ್ನು ಕೆಳಗಿನ ಮಹಿಳೆಯರ ಆರಂಭಕ್ಕೆ ಇಳಿಸಿದರು, ಗೋಡೆ ಎತ್ತರಿಸಿದರು. ಸೋಚಿಯ ಟ್ರ್ಯಾಕನ್ನು ವೇಗ ತಗ್ಗಲೆಂದೇ ಮೂರು ಏರುದಾರಿ ಇಟ್ಟು ಕಟ್ಟಿದರು. ರನ್ ಹಂಚಿಕೆಯ ಪ್ರಶ್ನೆ ಮಾತ್ರ ಗೋಡೆಯಷ್ಟು ಸುಲಭವಾಗಿ ಸರಿಹೋಗುವಂಥದ್ದಲ್ಲ, ಟ್ರ್ಯಾಕ್ ಯಾರದೋ ರನ್ ಅವರದು.

ಇತ್ತ ಟ್ರ್ಯಾಕ್‌ಗಳೇ ಕಡಿಮೆಯಾಗುತ್ತಿವೆ. ಕಾಂಕ್ರೀಟ್ ಕಾಲುವೆಯ ಒಡಲಲ್ಲಿ ಕಿಲೋಮೀಟರುಗಟ್ಟಲೆ ಕೊಳವೆ, ಅದರಲ್ಲಿ ಅಮೋನಿಯಾದಂಥ ಶೀತಕ, ತಿಂಗಳುಗಟ್ಟಲೆ ವಿದ್ಯುತ್ ಬಿಲ್. ಟ್ಯೂರಿನ್ ಕೂಟಕ್ಕೆಂದು ಚೆಸಾನಾದಲ್ಲಿ ಕಟ್ಟಿದ್ದು ಕೆಲವೇ ವರ್ಷಗಳಲ್ಲಿ ಮುಚ್ಚಿತು. ನಗಾನೊದವರು 2018ರಲ್ಲಿ ಮಂಜು ಹೆಪ್ಪುಗಟ್ಟಿಸುವುದನ್ನೇ ನಿಲ್ಲಿಸಿದರು. ಜರ್ಮನಿಯ ಕೋನಿಗ್ಸ್‌ಸೇ ಟ್ರ್ಯಾಕ್, ಜಗತ್ತಿನ ಮೊದಲ ಕೃತಕ ಶೀತಲ ಟ್ರ್ಯಾಕ್, 2021ರ ಜುಲೈ ಪ್ರವಾಹದಲ್ಲಿ ಭಾಗಶಃ ಕೊಚ್ಚಿಹೋಯಿತು. 2026ರ ಕೂಟಕ್ಕೆ ಹೊರದೇಶದ ಇರುವ ಟ್ರ್ಯಾಕನ್ನೇ ಬಳಸಿ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹೇಳಿದರೂ ಇಟಲಿ ಕೇಳದೆ ಕೊರ್ಟಿನಾದಲ್ಲಿ ಹತ್ತು ಕೋಟಿ ಯೂರೋಗೂ ಮೀರಿ ಸುರಿದು ಹೊಸದು ಕಟ್ಟಿತು. ಏಷ್ಯಾದಲ್ಲಿ ಈಗ ಲೆಕ್ಕಕ್ಕಿರುವುದು ಪ್ಯೊಂಗ್‌ಚಾಂಗ್ ಮತ್ತು ಬೀಜಿಂಗ್ ಬಳಿಯ ಯಾನ್‌ಚಿಂಗ್.

‘ಹಿಮಾಚಲದಲ್ಲೊಂದು ಟ್ರ್ಯಾಕ್ ಕಟ್ಟಿ’ ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಇಟಲಿ, ಜಪಾನ್‌ಗೆ ಸಾಕಲಾಗದ ಆನೆಯನ್ನು ನಾವು ಕಟ್ಟಿಕೊಳ್ಳುವುದು ಜಾಣತನವಲ್ಲ. ಅದರ ಬಡ್ಡಿ ಹಣದಲ್ಲೇ ಐದಾರು ಮಕ್ಕಳನ್ನು ವರ್ಷಕ್ಕೆ ಐದು ತಿಂಗಳು ಯುರೋಪಿನಲ್ಲಿ ಇರಿಸಿ, ಒಬ್ಬ ಕೋಚ್, ಒಬ್ಬ ಸ್ಲೆಡ್ ತಂತ್ರಜ್ಞನನ್ನು ಕೊಡಬಹುದು. ನಮ್ಮಲ್ಲಿ ಬೇಕಿರುವುದು ಒಳಾಂಗಣ ಆರಂಭ ಇಳಿಜಾರು ಒಂದು, ಚಕ್ರದ ಸ್ಲೆಡ್‌ಗಳು ಒಂದಷ್ಟು, ಸೇನೆಯಲ್ಲೋ ಗಡಿ ಪೊಲೀಸ್ ಪಡೆಯಲ್ಲೋ ಹತ್ತು ಹುದ್ದೆ. ಗುಂಪಾಗಿ ಕಳಿಸುವುದು ಮುಖ್ಯ. ಒಬ್ಬನೇ ಹೋದರೆ ಸ್ಟೀಲ್ ಹೋಲಿಕೆಯೂ ಇಲ್ಲ, ರಿಲೇಯೂ ಇಲ್ಲ. ಸೋಚಿಯಿಂದ ಸೇರಿದ ತಂಡ ರಿಲೇಗಾಗಲಿ, 2026ಕ್ಕೆ ಸೇರಿದ ಮಹಿಳಾ ಡಬಲ್ಸ್‌ಗಾಗಲಿ ಒಂಟಿ ಸ್ಪರ್ಧಿಯ ದೇಶಕ್ಕೆ ಜಾಗವಿಲ್ಲ. ಮಹಿಳಾ ಡಬಲ್ಸ್ ಇನ್ನೂ ಹೊಸದು, ಅನುಭವಿ ಜೋಡಿಗಳು ಕಡಿಮೆ. ತಡವಾಗಿ ಬರುವವರಿಗೆ ತುಸುವಾದರೂ ಬಾಗಿಲು ತೆರೆದಿರುವುದು ಅಲ್ಲೇ ಎಂದು ನನ್ನ ಅಂದಾಜು.

ಕೇಶವನ್ ನಂತರ ಒಲಿಂಪಿಕ್ ಲ್ಯೂಜ್‌ನಲ್ಲಿ ಭಾರತದ ಹೆಸರಿಲ್ಲ. 2022ರ ಬೀಜಿಂಗ್ ಕೂಟಕ್ಕೆ ಹೋದವರು ಸ್ಕೀಯಿಂಗ್‌ನ ಆರಿಫ್ ಖಾನ್ ಒಬ್ಬರೇ. 1998ರಲ್ಲಿ 16ರ ಹುಡುಗ ಎರಡು ವರ್ಷದ ಅನುಭವದಲ್ಲಿ ಒಲಿಂಪಿಕ್ಸ್ ತಲುಪಿದ ದಾರಿಯೂ ಈಗಿಲ್ಲ; ವಿಶ್ವಕಪ್ ಸರಣಿಯಲ್ಲಿ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಇಳಿದು ಅಂಕ ಕೂಡಿಸಿಯೇ ಅರ್ಹತೆ ಪಡೆಯಬೇಕು. 2030ರ ಕೂಟ ಫ್ರೆಂಚ್ ಆಲ್ಪ್ಸ್‌ನಲ್ಲಿ, ಸ್ಲೆಡ್ ಸ್ಪರ್ಧೆಗಳು 1992ರ ಹಳೆಯ ಲಾ ಪ್ಲಾನ್ಯ ಟ್ರ್ಯಾಕಿನಲ್ಲಿ. ಅಷ್ಟರೊಳಗೆ ಶೂನ್ಯದಿಂದ ಒಬ್ಬರನ್ನು ತಯಾರು ಮಾಡುವುದು ಆಗದ ಮಾತು. 2034ರದು ಮತ್ತೆ ಸಾಲ್ಟ್ ಲೇಕ್ ಸಿಟಿ. 2014ರಲ್ಲಿ, ಆ ಸೋಚಿಯ ವರ್ಷ, ಹುಟ್ಟಿದ ಮಗುವಿಗೆ ಆಗ 20ರ ಆಸುಪಾಸು. ಆ ಮಗು ಕೆಳಗಿನ ತಿರುವುಗಳಿಂದ ತನ್ನ ಮೊದಲ ರನ್ ಇಳಿಯಬೇಕಾದ ವಯಸ್ಸು ಇದೇ.